ಎರಡನೇ ಮಹಡಿಯ ಸಮುದ್ರ

ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ಅದಕ್ಕೊಂದು ಕಬ್ಬಿಣದ ಸ್ಟ್ಯಾಂಡು, ಗಾಳಿ ಊದುವ ಎರಡು ಪಂಪು, ಮದರಾಸಿನಿಂದ ತರಿಸಿದ ಇನ್ನೂರೈವತ್ತು ಲೀಟರ್ ಸಮುದ್ರದ ನೀರು, ಆರು ಮೀನು. ಎಲ್ಲ ಸೇರಿ ನನಗೆ ಸಾವಿರದ ಮುನ್ನೂರು ರೂಪಾಯಿ ಬಿತ್ತು. ಎಂಬತ್ತರ ದಶಕದ ಶುರುವಿನ ಮಾತು ಇದು. ಪೀಣ್ಯದಲ್ಲಿ ನನ್ನ ಮನೆ ಬಾಡಿಗೆ ಆಗ ಮುನ್ನೂರು. ಬೇರೆಯವರಾಗಿದ್ದರೆ ಎರಡೂವರೆ ಸಾವಿರ ಕಳೆದುಕೊಳ್ಳುತ್ತಿದ್ದರು. ಯಶವಂತಪುರದ ಗಾಜಿನಂಗಡಿಯಲ್ಲಿ ಯಾವುದೋ ಷೋರೂಮಿಗೆಂದು ಕತ್ತರಿಸಿ, ಅಳತೆ ತಪ್ಪಿದ್ದಕ್ಕೆ ಅವರು ಬೇಡವೆಂದು ಬಿಟ್ಟುಹೋದ ದಪ್ಪ ಗಾಜು ಗೋಡೆಗೊರಗಿ ಧೂಳು ತಿನ್ನುತ್ತಿತ್ತು. ಅದರ ಅಳತೆಗೆ ನನ್ನ ತೊಟ್ಟಿಯನ್ನು ಹೊಂದಿಸಿಕೊಂಡು ಅರ್ಧ ಬೆಲೆಗೆ ಎತ್ತಿಕೊಂಡು ಬಂದೆ. ನೀರು ತಂದದ್ದು ನಮ್ಮ ಮಾಲನ್ನು ಮದರಾಸಿಗೆ ಇಳಿಸಿ ಖಾಲಿ ಬರುತ್ತಿದ್ದ ಲಾರಿ. ಖಾಲಿ ಬರುವ ಲಾರಿಯ ಡ್ರೈವರಿನ ಜೊತೆ ಚೌಕಾಸಿ ಮಾಡುವುದು ಮಹಾ ಸುಲಭ. ಅವನು ಏನು ಸಿಕ್ಕಿದರೂ ಲಾಭ ಅನ್ನುವ ಮನಸ್ಸಿನಲ್ಲಿರುತ್ತಾನೆ.

ಇಷ್ಟೆಲ್ಲ ಯಾಕೆ ಮಾಡಿದೆ ಅಂದರೆ, ನನ್ನ ಮಗಳು ಸಂಜೆ ಹೊತ್ತು ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟಿದ್ದಳು.

ನನಗೆ ಆಗ ಪೀಣ್ಯದಲ್ಲಿ ಲೋಹ ಕಡೆಯುವ ಎರಡು ಲೇತ್‌ಗಳ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಹದಿನೇಳನೇ ವಯಸ್ಸಿಗೆ ಬೆಂಗಳೂರಿಗೆ ಬಂದು, ಇನ್ನೊಬ್ಬರ ಷೆಡ್ಡಿನಲ್ಲಿ ಲೋಹದ ಪುಡಿ ಗುಡಿಸಿ, ಕೆಲಸ ಕಲಿತು, ಹಳೆಯ ಲೇತ್ ಒಂದನ್ನು ಹರಾಜಿನಲ್ಲಿ ಹಿಡಿದು ಮಾಡಿಕೊಂಡದ್ದು. ಸಂಜೆ ಆರೂವರೆಗೆ ಸ್ಕೂಟರ್ ನಮ್ಮ ಬೀದಿಗೆ ತಿರುಗಿದರೆ ಒಂಬತ್ತು ವರ್ಷದ ಮಗಳು ಗೇಟಿನ ಕಂಬಿಯ ಮೇಲೆ ನಿಂತಿರುತ್ತಿದ್ದಳು. ಅವಳನ್ನು ಮುಂದೆ ನಿಲ್ಲಿಸಿಕೊಂಡು ಮೇನ್ ರೋಡಿನವರೆಗೆ ಒಂದು ಸುತ್ತು. ಆಮೇಲೆ ನನ್ನ ಜೇಬಿನಲ್ಲಿ ಆ ದಿನ ಉಳಿದ ಬುಷ್ಷು, ನಟ್ಟು, ಹೊಳೆಯುವ ಸುರುಳಿ ಚೂರು ಏನಿದೆ ಎಂದು ಅವಳು ಕೈಹಾಕಿ ಹುಡುಕಬೇಕು. ನನ್ನ ದಿನ ಮುಗಿಯುತ್ತಿದ್ದದ್ದೇ ಹಾಗೆ.

ನಾವಿದ್ದದ್ದು ಮೂರು ಅಂತಸ್ತಿನ ಆರು ಮನೆಗಳ ಕಟ್ಟಡದ ಕೆಳಮನೆ. ಆ ಜಾಗ ಅದಕ್ಕೆ ಹತ್ತು ವರ್ಷ ಮೊದಲು ರಾಗಿ ಹೊಲ. ಹೊಲದ ಯಜಮಾನರಾದ ಗೌಡರೇ ಉಳಿದ ಹೊಲ ಮಾರಿ ಕಟ್ಟಡ ಎಬ್ಬಿಸಿ, ಪಕ್ಕದ ತಮ್ಮ ಹಳೆಯ ಹಂಚಿನ ಮನೆಯಲ್ಲೇ ಉಳಿದುಕೊಂಡಿದ್ದರು. ಕಟ್ಟಡದಲ್ಲಿ ಮೊದಲು ಟಿ.ವಿ. ತಂದವನು ನಾನು. ಭಾನುವಾರ ಸಂಜೆ ಸಿನಿಮಾ ಹೊತ್ತಿಗೆ ನಮ್ಮ ಹಾಲಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗೌಡರು ಕೂಡ ಟವೆಲ್ ಹಾಸಿಕೊಂಡು ಮುಂದೆ ಕೂರುತ್ತಿದ್ದರು. ಎರಡು ವರ್ಷ ಆ ಮರ್ಯಾದೆ ನಡೆಯಿತು.

ಆಮೇಲೆ ಎರಡನೇ ಮಹಡಿಗೆ ಅವರು ಬಂದರು. ಕರಾವಳಿಯ ಕಡೆಯವರು, ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಗಂಡ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಅಂದರೆ ನನ್ನಂಥವರು ಮಾಡಿಕೊಟ್ಟ ಮಾಲನ್ನು ಅಳೆದು, ಕೂದಲೆಳೆ ಹೆಚ್ಚುಕಡಿಮೆಯಾದರೂ ವಾಪಸ್ ಕಳಿಸುವ ಕೆಲಸ. ನನ್ನ ಮಾಲು ಅವರ ಕಾರ್ಖಾನೆಗೆ ಹೋಗುತ್ತಿರಲಿಲ್ಲ. ಆದರೂ ಆ ಕಸುಬಿನವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಸಾಮಾನು ಇಳಿಸುವಾಗ ನೋಡಿದೆ: ಮಂಚ, ಗೋದ್ರೆಜ್ ಬೀರು ಏನೂ ಹೆಚ್ಚಿರಲಿಲ್ಲ, ಆದರೆ ಹಳೆಯ ಸೀರೆಯಲ್ಲಿ ಸುತ್ತಿದ್ದ ಎರಡಡಿಯ ಗಾಜಿನ ತೊಟ್ಟಿಯೊಂದನ್ನು ಗಂಡ ಹೆಂಡತಿ ತಾವೇ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಕೂಲಿಯವನಿಗೆ ಕೊಡಲಿಲ್ಲ. ಪ್ರತಿ ತಿಂಗಳು ಮಂಗಳೂರು ಬಸ್ಸಿನಲ್ಲಿ ಅವರಿಗೆ ಎರಡು ಬಿಳಿ ಕ್ಯಾನು ಬರುತ್ತಿತ್ತು. ತೆಂಗಿನೆಣ್ಣೆ ಅಂದುಕೊಂಡಿದ್ದೆ. ಅದು ಸಮುದ್ರದ ನೀರು.

ಮೊದಲು ಮೇಲಕ್ಕೆ ಹೋಗಿ ಬಂದವಳು ನನ್ನ ಹೆಂಡತಿ. ಬಂದವಳೇ ಟಿ.ವಿ.ಯ ಮುಂದೆ ನಿಂತು, ಅದನ್ನೊಮ್ಮೆ ನೋಡಿ, “ನಮ್ದು ಕಪ್ಪುಬಿಳುಪು. ಅವ್ರದ್ದು ಕಲರ್ ಕಣ್ರೀ,” ಅಂದಳು.

“ಕಲರ್ ಟಿ.ವಿ. ತಂದ್ರಾ?”

“ಟಿ.ವಿ. ಅಲ್ಲ. ಮೀನು. ನೀವೂ ಒಂದ್ಸಲ ಹೋಗಿ ನೋಡ್ಬನ್ನಿ, ಹೊಟ್ಟೆ ಉರ್ಕೋಬೇಡಿ.”

ಹೋಗಿ ನೋಡಿದೆ, ಹೊಟ್ಟೆಯೂ ಉರಿಯಿತು. ಎರಡೇ ಮೀನು, ಹೆಬ್ಬೆರಳಿನಷ್ಟು. ಬೆಂಕಿಯ ಕೆಂಡದ ಬಣ್ಣ, ಮೈಮೇಲೆ ವಿಭೂತಿ ಎಳೆದ ಹಾಗೆ ಮೂರು ಬಿಳಿ ಪಟ್ಟೆ. ತೊಟ್ಟಿಯ ನಡುವೆ ಕಲ್ಲಿನ ಮೇಲೆ ಒಂದು ಹೂವು. ಹೂವಲ್ಲ, ಜೀವ. ಅದಕ್ಕೆ ಬೆರಳಿನಂಥ ನೂರಾರು ಎಸಳು, ಗಾಳಿಗೆ ಪೈರು ಆಡಿದ ಹಾಗೆ ನೀರಿನಲ್ಲಿ ಆಡುತ್ತಿದ್ದವು. ಆ ಎಸಳು ಬೇರೆ ಮೀನಿಗೆ ತಾಗಿದರೆ ವಿಷವಂತೆ. ಈ ಎರಡು ಮಾತ್ರ ಅದರೊಳಗೆ ಹೊಕ್ಕು, ಹಾಸಿಗೆಯಲ್ಲಿ ಹೊರಳಿದ ಹಾಗೆ ಹೊರಳಿ, ಮುಖ ಮಾತ್ರ ಹೊರಗಿಟ್ಟು ನಮ್ಮನ್ನು ನೋಡುತ್ತಿದ್ದವು. ನನ್ನ ಮಗಳು ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ನಾನು ಬಂದದ್ದಕ್ಕೆ ತಿರುಗಿಯೂ ನೋಡಲಿಲ್ಲ.

“ಮಾಮ, ಇವತ್ತು ಇಪ್ಪತ್ತೇಳು ಸಲ ಮನೆಯೊಳಗೆ ಹೋಯ್ತು,” ಅಂದಳು ಅವರಿಗೆ.

“ಹೌದಾ ಮಗಾ? ನಿನ್ನೆಗಿಂತ ಎರಡು ಜಾಸ್ತಿ ಉಂಟಲ್ಲ. ಬರೆದಿಡು.”

ಬರೆದಿಡಲು ಅವಳಿಗೊಂದು ನೋಟುಪುಸ್ತಕವನ್ನೂ ಕೊಟ್ಟಿದ್ದರು. ಅವರ ಹೆಂಡತಿ ನೀರುದೋಸೆ ತಂದಿಟ್ಟರು. ನಾನು ಒಂದು ತಿಂದು, ಕೆಲಸವಿದೆ ಎಂದು ಎದ್ದೆ. ಮಗಳು ಎದ್ದು ಬರಲಿಲ್ಲ.

ಅಂದಿನಿಂದ ಗೇಟು ಖಾಲಿ. ಸ್ಕೂಟರಿನ ಹಾರನ್ ಒಂದು ಸಲ ಹೊಡೆದರೆ ಸಾಕಿತ್ತು, ನಾನು ಮೂರು ಸಲ ಹೊಡೆಯುತ್ತಿದ್ದೆ. ಎರಡನೇ ಮಹಡಿಯ ಬಾಲ್ಕನಿಯಿಂದ ತಲೆ ಇಣುಕುತ್ತಿತ್ತು: “ಅಪ್ಪ, ಐದ್ ನಿಮಿಷ.” ಆ ಐದು ನಿಮಿಷ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಜೇಬಿನಲ್ಲಿದ್ದ ನಟ್ಟು ಬೋಲ್ಟುಗಳನ್ನು ನಾನೇ ತೆಗೆದು ಕಿಟಕಿಯಲ್ಲಿಡುತ್ತಿದ್ದೆ. ಹೆಂಡತಿ ಒಂದು ದಿನ ಗುಡಿಸುವಾಗ, “ಇದೇನು ಗುಜರಿ ಅಂಗಡಿನಾ?” ಎಂದು ಡಬ್ಬಿಗೆ ಸುರಿದಳು.

ನೋಡಿ, ನನಗೆ ದುಡ್ಡಿರುವವರನ್ನು ಕಂಡು ಹೊಟ್ಟೆಕಿಚ್ಚು ಆಗಿದ್ದಿಲ್ಲ. ಅವರು ಹೇಗೆ ಮಾಡಿದರು ಎಂದು ಕೇಳಿ ತಿಳಿದುಕೊಂಡು ನಾನೂ ಮಾಡುತ್ತೇನೆ. ಇದು ಬೇರೆ ಥರ. ಬಿಟ್ಟಿ ನೀರು, ಎರಡು ಮೀನು ಇಟ್ಟುಕೊಂಡು ಒಬ್ಬ ಮನುಷ್ಯ ನನ್ನ ಮನೆಯ ಸಂಜೆಯನ್ನೇ ಎತ್ತಿಕೊಂಡು ಹೋಗಿದ್ದ. ಅದೂ ಜೋರಾಗಿ ಮಾತಾಡದ, ಇಸ್ತ್ರಿ ಹಾಕಿದ ಅಂಗಿಯ, ಯಾರ ಜೊತೆಯೂ ಚೌಕಾಸಿ ಮಾಡದ ಮನುಷ್ಯ. ತರಕಾರಿ ಗಾಡಿಯವನು ಹೇಳಿದ ಬೆಲೆಯನ್ನು ಅವರು ಹಾಗೇ ಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರಿಗೆ ನಾನು ಸೋಲುವುದೇ?

ತೊಟ್ಟಿ ಕಟ್ಟಿದ್ದು ಹಾಗೆ. ಅವರದು ಎರಡಡಿ, ನನ್ನದು ನಾಲ್ಕಡಿ. ಅವರ ಗಾಳಿ ಕೊಳವೆ ಬಿಳಿ ಪ್ಲಾಸ್ಟಿಕ್ಕಿನದು, ಆಸ್ಪತ್ರೆಯ ಡ್ರಿಪ್ಪಿನ ಹಾಗೆ ಕಾಣುತ್ತಿತ್ತು. ನಾನು ನನ್ನ ಲೇತಿನ ಮುಂದೆ ನಾನೇ ನಿಂತು ಗಾಳಿ ಬಿಡುವ ನಾಲ್ಕು ನಾಝಲ್ ಕಡೆದೆ, ಹಿತ್ತಾಳೆಯಲ್ಲಿ. ದೇವಸ್ಥಾನದ ಕಳಸದ ಆಕಾರ, ಗೇಣು ಎತ್ತರ, ತುದಿಯಲ್ಲಿ ಸೂಜಿ ಹೋಗುವಷ್ಟೇ ತೂತು. ಹಿತ್ತಾಳೆ ಬಣ್ಣ ಮಾಸುತ್ತದೆ ಎಂದು ಪಕ್ಕದ ಷೆಡ್ಡಿನಲ್ಲಿ ನಿಕ್ಕಲ್ ಹಾಕಿಸಿ, ಅದರ ಮೇಲೆ ಕ್ರೋಮ್ ಹಾಕಿಸಿದೆ. ಕನ್ನಡಿಯ ಹಾಗೆ ಹೊಳೆಯಿತು. ಮರಳಿನಿಂದ ನಾಲ್ಕು ಬೆಳ್ಳಿ ಕಳಸ ಎದ್ದು ನಿಂತು, ಒಂದೊಂದರ ತುದಿಯಿಂದಲೂ ಮುತ್ತಿನ ಸರದ ಹಾಗೆ ಗುಳ್ಳೆ ಏಳುವುದನ್ನು ನೋಡಲು ಇಡೀ ಕಟ್ಟಡ ಬಂತು. ಗೌಡರು ಟವೆಲ್ ಹಾಸಿ ಮತ್ತೆ ನಮ್ಮ ಹಾಲಿನಲ್ಲಿ ಕೂತರು.

“ಎಲ್ಲಾ ಸರಿ ಸ್ವಾಮಿ, ತಿನ್ನೋಕಾಗಾಕಿಲ್ವಲ್ಲ ಇದ್ನ,” ಅಂದರು.

“ನೋಡೋಕೆ ಗೌಡ್ರೇ.”

“ನೋಡಾಕೆ ಇಷ್ಟು ನೀರಾ? ಇಷ್ಟು ನೀರಲ್ಲಿ ನಮ್ಮ ಎಮ್ಮೆ ಮೈ ತೊಳೀಬೋದು.”

ಎಲ್ಲರೂ ನಕ್ಕರು. ಮೇಲಿನವರೂ ಬಂದಿದ್ದರು. ಬಗ್ಗಿ ನೋಡಿ, “ಲಾಯ್ಕುಂಟು ಮಾರಾಯ್ರೆ, ಕೆಲಸ ಬಾರೀ ಲಾಯ್ಕುಂಟು,” ಅಂದರು. ಇನ್‌ಸ್ಪೆಕ್ಟರ್ ಬಾಯಲ್ಲಿ ಆ ಮಾತು ಬಂದದ್ದು ನನಗೆ ಸರ್ಟಿಫಿಕೇಟ್ ಸಿಕ್ಕಿದ ಹಾಗಾಯಿತು. ಕಳಸ ಯಾವ ಲೋಹದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಗಳು ಒಂದು ವಾರ ನಮ್ಮ ತೊಟ್ಟಿಯ ಮುಂದೆ ಕೂತಳು. ನಾನು ವರ್ಕ್‌ಶಾಪಿನಿಂದ ಅರ್ಧ ಗಂಟೆ ಮೊದಲೇ ಬರುತ್ತಿದ್ದೆ. ನಾನು ತರಿಸಿದ್ದು ಆರು ನೀಲಿ ಮೀನು. ಎರಡು ಬಂದ ಮರುದಿನವೇ ಸತ್ತವು, ನಾಲ್ಕು ಚೆನ್ನಾಗಿ ಈಜಿಕೊಂಡಿದ್ದವು. ಎಂಟನೇ ದಿನ ನಾನು ಬಂದಾಗ ಮಣೆ ಖಾಲಿಯಿತ್ತು. ಊಟಕ್ಕೆ ಇಳಿದು ಬಂದವಳನ್ನು ಕೇಳಿದೆ: “ಯಾಕಮ್ಮಾ, ನಮ್ಮ ಮೀನು ಬೇಜಾರಾಯ್ತಾ?”

“ಬೇಜಾರಲ್ಲಪ್ಪ. ನಮ್ಮವಕ್ಕೆ ಮನೆ ಇಲ್ಲ. ಸುಮ್ನೆ ಆ ಕಡೆಯಿಂದ ಈ ಕಡೆಗೆ ಹೋಗ್ತವೆ, ಈ ಕಡೆಯಿಂದ ಆ ಕಡೆಗೆ ಹೋಗ್ತವೆ. ಬಸ್ ಸ್ಟ್ಯಾಂಡ್ ಥರ.”

ಸಾವಿರದ ಮುನ್ನೂರು ರೂಪಾಯಿಯ ಬಸ್ ಸ್ಟ್ಯಾಂಡ್.

ಮರುದಿನವೇ ಮೇಲೆ ಹೋದೆ. ಆ ಹೂವು, ಆ ಎರಡು ಮೀನು ಎಷ್ಟಕ್ಕೆ ಕೊಡುತ್ತೀರಿ ಎಂದು ನೇರ ಕೇಳಿದೆ. ಅವರು ನಕ್ಕರು. ಇನ್ನೂರು ಅಂದೆ. ಮುನ್ನೂರು ಅಂದೆ. ಮೊದಲ ಬೆಲೆಗೆ ನಗುವವನು ಮೂರನೆಯದಕ್ಕೆ ಕೂತು ಮಾತಾಡುತ್ತಾನೆ ಎಂಬುದು ನನ್ನ ಅನುಭವ. ನಾನೂರಕ್ಕೆ ಅವರು ಕೂತರು.

“ಇದು ಮಾರೋ ಸಾಮಾನಲ್ಲ ಮಾರಾಯ್ರೆ. ನನ್ನ ತಮ್ಮ ಬಂಡೆಯ ಸಂದಿಯಿಂದ ಕಲ್ಲು ಸಮೇತ ತೆಗೆದು ಕೊಟ್ಟದ್ದು. ಇವಳು ಊರು ಬಿಟ್ಟು ಬಂದು ಅಳ್ತಾ ಕೂತಿದ್ಲು. ಇದು ಬಂದ ಮೇಲೆ ಸ್ವಲ್ಪ ಸರಿಯಾದ್ಲು.” ಒಳಗಿನಿಂದ ಅವರ ಹೆಂಡತಿ, “ಅಳ್ತಾ ಎಲ್ಲ ಕೂತಿರಲಿಲ್ಲಪ್ಪ,” ಅಂದದ್ದು ಕೇಳಿಸಿತು. ಗಂಡ ಮಾತು ಮುಂದುವರಿಸಿದರು: “ಮಗು ಬಂದು ನೋಡ್ತದಲ್ಲ, ಅಷ್ಟು ಸಾಕು. ನಿಮ್ಮ ಮನೆಯದ್ದೇ ಅಂತ ತಿಳ್ಕೊಳ್ಳಿ.”

ಬೆಲೆಯಿಲ್ಲದೆ ಒಂದು ವಸ್ತುವನ್ನು ನನ್ನದೆಂದು ತಿಳಿದುಕೊಳ್ಳುವುದು ನನಗೆ ಬರುವುದಿಲ್ಲ. ಎದ್ದು ಮೆಟ್ಟಿಲಿಳಿದೆ.

ಆ ವಾರ ಬಾಡಿಗೆ ಕೊಡಲು ಗೌಡರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎರಡು ಕಾಯಿ ನಾನೂ ಸುಲಿದೆ. ಹೊರಡುವಾಗ, ಮಾತಿಗೆ ಮಾತು ಬಂದ ಹಾಗೆ ಮಾಡಿ, “ಉಪ್ಪುನೀರು ಕಬ್ಬಿಣ ತಿನ್ನುತ್ತೆ ಗೌಡ್ರೇ. ನಂದು ಕೆಳಗಿದೆ, ನೆಲದ ಮೇಲೆ, ಚಿಂತೆ ಇಲ್ಲ. ಮಹಡಿ ಮೇಲೆ ಅಂದ್ರೆ ಮೋಲ್ಡಿನೊಳಗೆ ಕಂಬಿ ಇರ್ತದೆ,” ಅಂದೆ.

ಗೌಡರ ಕೈ ನಿಂತಿತು. “ಕಂಬಿ ತಿಂದ್ಬುಡ್ತದಾ?”

“ಒಂದೇ ದಿನಕ್ಕೇನಲ್ಲ. ತೊಟ್ಟು ತೊಟ್ಟು ಇಳಿದ ಹಾಗೆ, ನಿಧಾನಕ್ಕೆ. ನಾನೇನೂ ಹೇಳ್ಲಿಲ್ಲ, ಕಬ್ಬಿಣದ ಕೆಲಸದವನು, ತಿಳಿದದ್ದು ಬಾಯಿಗೆ ಬಂತು.”

“ಅಯ್ಯೋ, ಓಲ ಮಾರಿ ಕಟ್ಸಿವ್ನಿ ಸ್ವಾಮಿ ಅದ್ನ,” ಅಂದರು ಗೌಡರು. ಹೊಲ ಮಾರಿ ಕಟ್ಟಿಸಿದವರ ಎದೆಯಲ್ಲಿ ಆ ಮಾತು ಎಲ್ಲಿ ಹೋಗಿ ಕೂರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಎರಡಡಿಯ ತೊಟ್ಟಿಯಲ್ಲಿ ಎಷ್ಟು ನೀರು ಹಿಡಿಯುತ್ತದೆ? ಮನೆಯ ಸ್ನಾನದ ಹಂಡೆಗಿಂತ ಸ್ವಲ್ಪ ಹೆಚ್ಚು. ಅದರಿಂದ ಯಾವ ಕಂಬಿಯೂ ಹಾಳಾಗುವುದಿಲ್ಲ. ಆದರೆ ಮರುದಿನ ಬೆಳಿಗ್ಗೆಯೇ ಗೌಡರು ಎರಡನೇ ಮಹಡಿ ಹತ್ತಿದರು. ಒಂದು ವಾರದೊಳಗೆ ತೊಟ್ಟಿ ಇಳಿಸಬೇಕು, ಇಲ್ಲ ಮನೆ ನೋಡಿಕೊಳ್ಳಬೇಕು.

ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನವರು ಎರಡು ಕೈಯಲ್ಲೂ ಬಕೆಟ್ಟು ಹಿಡಿದು ನಿಂತಿದ್ದರು. ಒಂದರಲ್ಲಿ ಹೂವು ಕಲ್ಲಿನ ಸಮೇತ, ಇನ್ನೊಂದರಲ್ಲಿ ಆ ಎರಡು ಮೀನು. ಹಿಂದೆ ನನ್ನ ಮಗಳು, ನೋಟುಪುಸ್ತಕ ಎದೆಗೊತ್ತಿಕೊಂಡು.

“ನಿಮ್ಮ ತೊಟ್ಟಿಯಲ್ಲಿ ಜಾಗ ಉಂಟಲ್ಲ,” ಅಂದರು. “ಇಲ್ಲಿ ಬಿಡ್ತೇನೆ. ಮಗುವಿಗೂ ಹತ್ತಿರ ಆಯ್ತು.”

ನಾನೂರು ರೂಪಾಯಿಗೆ ಸಿಗದದ್ದು ಬಿಟ್ಟಿಯಾಗಿ ಬಾಗಿಲಿಗೆ ಬಂದಿತ್ತು. ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಅವರು ಅಂಗಿಯ ತೋಳು ಮಡಚಿ ನೀರಿಗೆ ಕೈ ಹಾಕುವ ಮೊದಲು ನಿಂತು, ನನ್ನ ಕಳಸಗಳ ಕಡೆಗೆ ಬೆರಳು ಮಾಡಿ ಕೇಳಿದರು: “ಇದು ಎಂತದ್ದರದ್ದು? ಹಿತ್ತಾಳೆ, ತಾಮ್ರ ಎಂತದೂ ಇಲ್ಲ ಅಲ್ವಾ ಒಳಗೆ? ಹೂವಿಗೆ ಆಗುವುದಿಲ್ಲ ಅದು.”

ಆಗದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗಳು ನನ್ನನ್ನೇ ನೋಡುತ್ತಿದ್ದಳು. ಅಳತೆ ನೋಡುವ ಮನುಷ್ಯನ ಎದುರು, ಅವಳ ಕಣ್ಣೆದುರು, ನನ್ನ ಕೈಕೆಲಸದಲ್ಲಿ ತಪ್ಪಿದೆ ಎಂದು ಒಪ್ಪಿಕೊಳ್ಳಬೇಕೇ? ಮೇಲೆ ನಿಕ್ಕಲ್ ಇದೆ, ಅದರ ಮೇಲೆ ಕ್ರೋಮ್ ಇದೆ, ಹಿತ್ತಾಳೆ ನೀರಿಗೆ ತಾಗುವುದಾದರೂ ಎಲ್ಲಿಂದ ಎಂದು ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿದೆ.

“ಸ್ಟೇನ್‌ಲೆಸ್ ಸ್ಟೀಲು,” ಅಂದೆ.

“ಹಾಗಾದರೆ ತೊಂದರೆ ಇಲ್ಲ,” ಎಂದು ಅವರು ಹೂವನ್ನು ಇಳಿಸಿದರು. ಜೀವನವಿಡೀ ಬೇರೆಯವರ ಅಳತೆಯನ್ನು ನಂಬದೆ ತಾವೇ ಅಳೆದ ಮನುಷ್ಯ ನನ್ನ ಮಾತನ್ನು ಅಳೆಯದೆ ಒಪ್ಪಿಕೊಂಡರು.

ಐದು ದಿನ ನಾನು ಗೆದ್ದವನ ಹಾಗೆ ಇದ್ದೆ. ಮಗಳು ಮನೆಯಲ್ಲೇ. ಮೀನು ಹೂವಿನೊಳಗೆ ಹೋಗುವುದನ್ನು ನಾನೂ ಅವಳ ಜೊತೆ ಎಣಿಸಿದೆ. ಆದರೆ ಒಂದು ಲೆಕ್ಕ ತಪ್ಪಿತ್ತು. ಮೀನಿನ ಹಿಂದೆಯೇ ಅವರೂ ದಿನಾ ಸಂಜೆ ಇಳಿದು ಬಂದರು. ನನ್ನ ಹಾಲಿನಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲಿ ಕೂತು, ನನ್ನ ಮಗಳಿಗೆ ಏಡಿ ಚಿಪ್ಪು ಬದಲಾಯಿಸುವ ಕತೆ, ಉಬ್ಬರ ಇಳಿತದ ಕತೆ ಹೇಳಿದರು. ಅವಳು ಬಾಯಿ ತೆರೆದು ಕೇಳಿದಳು. ನಾನು ಕಾಫಿ ತಂದುಕೊಟ್ಟೆ. ನನ್ನ ಮನೆಯಲ್ಲಿ ನಾನೇ ನೆಂಟನಾದೆ.

ಆರನೇ ದಿನ ಹೂವಿನ ಎಸಳು ಕುಗ್ಗಿದವು. ಜಾಗ ಬದಲಾಯಿಸಿದ್ದಕ್ಕೆ ಇರಬಹುದು ಎಂದರು ಅವರು. ಏಳನೇ ದಿನ ಅದು ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡಿತು. ಮೀನುಗಳು ಅದರ ಸುತ್ತ ಸುತ್ತಿ, ಮೂತಿಯಿಂದ ನೂಕಿ ನೂಕಿ ನೋಡಿದವು. “ಬಾಗಿಲು ತೆಗೀತಿಲ್ಲ ಅಪ್ಪ,” ಅಂದಳು ಮಗಳು. ಅವಳ ನೋಟುಪುಸ್ತಕದಲ್ಲಿ ಆ ದಿನದ ಎದುರು ಸೊನ್ನೆ.

ಒಂಬತ್ತನೇ ದಿನ ಬೆಳಿಗ್ಗೆ, ಮಗಳು ಸ್ಕೂಲಿಗೆ ಹೋದ ಮೇಲೆ, ಅಂಗಿ ಬಿಚ್ಚಿ ತೋಳಿನವರೆಗೆ ಕೈ ಹಾಕಿ ಒಂದು ಕಳಸವನ್ನು ಕಿತ್ತು ತೆಗೆದೆ. ಕೊಳವೆ ಸಿಕ್ಕಿಸುವ ತಿರುಪಿನ ಗೆರೆ, ಥ್ರೆಡ್ಡು, ಅದರ ಸುತ್ತ ಕ್ರೋಮ್ ಎದ್ದಿತ್ತು. ಅಲ್ಲೆಲ್ಲ ಹಸಿರು. ಹಳೆಯ ಹಿತ್ತಾಳೆ ದೀಪ ತೊಳೆಯದೆ ಇಟ್ಟರೆ ಹಿಡಿಯುವ ಆ ಹಸಿರು. ತಪ್ಪು ಎಲ್ಲಾಯಿತು ಎಂದು ಲೇತಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಥ್ರೆಡ್ಡಿನ ತಗ್ಗಿಗೆ ಪ್ಲೇಟಿಂಗ್ ಸರಿಯಾಗಿ ಇಳಿಯುವುದಿಲ್ಲ. ನನ್ನ ಗಿರಾಕಿಗಳಿಗೆ ಈ ಮಾತನ್ನು ನಾನೇ ನೂರು ಸಲ ಹೇಳಿದ್ದೇನೆ.

ಉಳಿದ ಮೂರನ್ನೂ ಕಿತ್ತೆ. ಒರೆಸಿ ಟೂಲ್ ಬಾಕ್ಸಿನಲ್ಲಿ ಹಾಕಿ, ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಸುಮ್ಮನಿದ್ದುಬಿಡಬಹುದಿತ್ತು. ಹಾಗೇ ಮಾಡುವವನಿದ್ದೆ. ಹೆಂಡತಿ ಹಿಂದೆ ನಿಂತಿದ್ದಳು.

“ಅವರಿಗೆ ಸ್ಟೀಲು ಅಂದ್ರಲ್ಲ ಅವತ್ತು.”

“ಅಂದೆ.”

“ಮೇಲೆ ಅವರ ತೊಟ್ಟಿ ಖಾಲಿ ಇದೆ. ಕ್ಯಾನಲ್ಲಿ ನೀರೂ ಇದೆ. ನೀವು ಇಲ್ಲಿ ಯೋಚನೆ ಮಾಡ್ತಾ ಕೂತ್ರೆ ಅದು ಅಷ್ಟೊತ್ತಿಗೆ ಹೋಗಿರುತ್ತೆ.”

ಮೂವತ್ತಾರು ಮೆಟ್ಟಿಲು. ಕೈಯಲ್ಲಿ ಆ ಕಳಸ ಹಿಡಿದು ಹತ್ತಿದೆ. ಅವರು ಕಾರ್ಖಾನೆಗೆ ಹೊರಡಲು ಷೂ ಹಾಕಿಕೊಳ್ಳುತ್ತಿದ್ದರು. ಕಳಸವನ್ನು ಅವರ ಕೈಗೆ ಕೊಟ್ಟೆ. ಅವರು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ಥ್ರೆಡ್ಡನ್ನೇ ಮೊದಲು ನೋಡಿದರು.

“ಹಿತ್ತಾಳೆ,” ಅಂದರು.

“ಹೌದು. ಅವತ್ತು ಸುಳ್ಳು ಹೇಳ್ದೆ.”

ಅವರು ಷೂ ಬಿಚ್ಚಿಟ್ಟು ಬಕೆಟ್ಟು ತೆಗೆದುಕೊಂಡರು. ನಾವಿಬ್ಬರೂ ಬಾಲ್ಕನಿಯಲ್ಲಿ ಬೋರಲು ಹಾಕಿದ್ದ ತೊಟ್ಟಿಯನ್ನು ಎತ್ತಿ ಅದರ ಜಾಗದಲ್ಲಿಟ್ಟು, ಕ್ಯಾನಿನ ನೀರು ತುಂಬಿಸಿ, ಹೂವನ್ನೂ ಮೀನುಗಳನ್ನೂ ಮೇಲಕ್ಕೆ ಒಯ್ದೆವು. ಆ ದಿನ ಅವರೂ ಕೆಲಸಕ್ಕೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ನೀರಿನ ಕೈ ಒರೆಸಿಕೊಳ್ಳುವಾಗ ತಡೆಯಲಾಗದೆ ಇನ್ನೊಂದನ್ನೂ ಹೇಳಲು ಹೊರಟೆ: “ಗೌಡ್ರಿಗೆ ಕಂಬಿ ವಿಷಯ...”

“ಗೊತ್ತುಂಟು. ‘ಕೆಳಗಿನ ಮನೆಯೋರೇ ಯೋಳಿದ್ರು’ ಅಂತ ಗೌಡರು ಅವತ್ತೇ ಹೇಳಿದ್ದಾರೆ.”

“ಗೊತ್ತಿದ್ದೂ ನಮ್ಮನೆಗೇ ತಂದು ಬಿಟ್ರಾ?”

“ಮತ್ತೆ ಎಲ್ಲಿ ಬಿಡುವುದು ಮಾರಾಯ್ರೆ? ಈ ಪೀಣ್ಯದಲ್ಲಿ ಉಪ್ಪುನೀರು ಇದ್ದದ್ದು ನಿಮ್ಮ ಮನೆಯಲ್ಲಿ ಮಾತ್ರ. ಊರಿಗೆ ಒಯ್ಯಬೇಕಾದರೆ ಒಂದು ರಾತ್ರಿ ಬಸ್ಸು, ಬರುವಾಗ ಉಳಿದದ್ದೇ ಪುಣ್ಯ, ಇನ್ನೊಮ್ಮೆ ತಡೆಯುವುದಿಲ್ಲ.” ಆಮೇಲೆ ಟವೆಲ್ ಕೊಡುತ್ತ, “ನಿಮ್ಮ ಮೇಲೆ ಸಿಟ್ಟು ಇತ್ತು. ಇಲ್ಲ ಅಂತ ಅಲ್ಲ,” ಅಂದರು.

ಮಧ್ಯಾಹ್ನ ಗೌಡರ ಜಗಲಿಗೆ ಹೋದೆ. ನನ್ನ ಜೀವನದ ಅತಿ ಕಷ್ಟದ ಚೌಕಾಸಿ ಅದು. ನಾನು ಮಾರಿದ ಭಯವನ್ನು ನಾನೇ ವಾಪಸು ಕೊಳ್ಳಬೇಕಿತ್ತು.

“ಅಷ್ಟು ಸಣ್ಣ ತೊಟ್ಟಿಗೆ ಕಂಬಿ ಏನೂ ಆಗಲ್ಲ ಗೌಡ್ರೇ.”

“ಮೊನ್ನೆ ತಿಂತದೆ ಅಂದ್ರಿ. ಇವತ್ತು ತಿನ್ನಾಕಿಲ್ಲ ಅಂತೀರಿ. ಏನು, ಉಪ್ಪುನೀರು ಉಪಾಸ ಇಡ್ಕಂಡದಾ?”

ನಗು ಬಂತು, ನಗುವ ಹಾಗಿರಲಿಲ್ಲ. “ಮೊನ್ನೆ ಹೊಟ್ಟೆಕಿಚ್ಚಿಗೆ ಹೇಳ್ದೆ,” ಅಂದೆ. ಗೌಡರು ಟವೆಲ್ ಕೊಡವಿ ಜಗಲಿಯ ಮೇಲೆ ಜಾಗ ತೋರಿಸಿದರು. ಕೊನೆಗೆ ತೊಟ್ಟಿಯ ಕೆಳಗೆ ಅಂಚು ಎತ್ತರಿಸಿದ ಫೈಬರ್ ತಟ್ಟೆ ಇಡುವುದು, ಗೋಡೆಗೆ ಒತ್ತಿಸಿ ತೊಲೆಯ ಮೇಲೆ ಭಾರ ಬೀಳುವ ಹಾಗೆ ನಿಲ್ಲಿಸುವುದು, ಅವರ ಬೋರ್‌ವೆಲ್ ಪಂಪಿನ ಸವೆದ ಬುಷ್ಷನ್ನು ನಾನು ಪುಕ್ಕಟೆ ಮಾಡಿಕೊಡುವುದು ಎಂದು ಮುಗಿಯಿತು. ಬುಷ್ಷು ಅವರ ಬಾಯಿಂದಲೇ ಬಂದದ್ದು. ಗೌಡರಿಗೂ ಚೌಕಾಸಿ ಬರುತ್ತಿತ್ತು.

ಮೀನುಗಳು ಉಳಿದವು. ಹೂವು ಉಳಿಯಲಿಲ್ಲ. ಎರಡು ದಿನ ಮುಚ್ಚಿಕೊಂಡೇ ಇದ್ದು, ಮೂರನೇ ದಿನ ಕಲ್ಲು ಬಿಟ್ಟು ಜಾರಿತು. ಅವರ ಹೆಂಡತಿ ಅದನ್ನು ಸ್ಟೀಲ್ ತಟ್ಟೆಯಲ್ಲಿ ಎತ್ತಿಕೊಂಡು ಒಳಗೆ ಹೋದರು. ನನ್ನ ಹತ್ತಿರ ಎರಡು ತಿಂಗಳು ಆಕೆ ಮಾತಾಡಲಿಲ್ಲ. ಅದು ನ್ಯಾಯವೇ.

ಹೂವು ಸತ್ತದ್ದು ಯಾಕೆ ಎಂದು ಮಗಳಿಗೆ ಯಾರೂ ಹೇಳಲಿಲ್ಲ; ಮೇಲಿನವರೂ ಹೇಳಲಿಲ್ಲ. ನಾನೇ ಹೇಳಿದೆ, ಕಳಸವನ್ನು ತೋರಿಸಿ, ಹಸಿರು ಇದ್ದ ಕಡೆ ಬೆರಳಿಟ್ಟು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಹೊಳೀತಿತ್ತು, ಚೆನ್ನಾಗಿತ್ತು ಕಣಪ್ಪ,” ಅಂದಳು. ಆಮೇಲೆ, “ಮಾಮಂಗೆ ಮೊದ್ಲೇ ಹೇಳ್ಬೇಕಿತ್ತು,” ಅಂದಳು. ಅದನ್ನು ತನ್ನ ಕಂಪಾಸ್ ಬಾಕ್ಸಿನಲ್ಲಿಟ್ಟುಕೊಳ್ಳಲು ನೋಡಿದಳು, ಹಿಡಿಯಲಿಲ್ಲ, ಸ್ಕೂಲ್ ಬ್ಯಾಗಿನ ಅಡಿಗೆ ಹಾಕಿಕೊಂಡಳು. ನೋಟುಪುಸ್ತಕ ತೆಗೆದುಕೊಂಡು ಮೇಲೆ ಹೋದಳು. ಮನೆ ಕಳೆದುಕೊಂಡ ಎರಡು ಮೀನು ಏನು ಮಾಡುತ್ತವೆ ಎಂದು ಬರೆಯಬೇಕಿತ್ತಂತೆ. ಗೇಟಿಗೆ ಅವಳು ಮತ್ತೆ ಬರಲಿಲ್ಲ. ಬಂದಿದ್ದರೂ ಎಷ್ಟು ದಿನ, ಹತ್ತು ವರ್ಷದ ಹುಡುಗಿ ಗೇಟಿನ ಕಂಬಿ ಹತ್ತುತ್ತಾಳೆಯೇ, ಎಂದು ಹೆಂಡತಿ ಸಮಾಧಾನ ಹೇಳಿದಳು. ನನಗೆ ಆ ಸಮಾಧಾನ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಬೇಸಿಗೆಗೆ ಅವರ ತಮ್ಮ ಇನ್ನೊಂದು ಹೂವು ತಂದರು. ಅಷ್ಟರಲ್ಲಿ ನಾನು ನನ್ನ ನಾಲ್ಕಡಿಯ ತೊಟ್ಟಿಯನ್ನು ಹೋಟೆಲಿನವರೊಬ್ಬರಿಗೆ ಕೆಂಪು ಮೀನು ಬಿಡಲು ಮಾರಿ, ಗಾಜಿನ ಮೇಲೆ ನೂರು ರೂಪಾಯಿ ಲಾಭ ಮಾಡಿಕೊಂಡಿದ್ದೆ. ನೀಲಿ ಮೀನುಗಳನ್ನು ಮೇಲಿನವರು ಇಟ್ಟುಕೊಂಡರು. ಸಂಜೆ ಸ್ಕೂಟರ್ ನಿಲ್ಲಿಸಿ ಹಾರನ್ ಹೊಡೆಯದೆ ನಾನೇ ಮೆಟ್ಟಿಲು ಹತ್ತತೊಡಗಿದೆ. ಅವರ ಹಾಲಿನಲ್ಲಿ ಕೂತು, ನನ್ನ ಮಗಳು ಅವರ ಮಾತಿಗೆ ನಗುವುದನ್ನು ನೋಡುತ್ತಿದ್ದೆ. ಉರಿ ಕಡಿಮೆಯಾಯಿತೇ ಎಂದರೆ, ಇಲ್ಲ. ಆದರೆ ಕೆಳಗೆ ಒಬ್ಬನೇ ಕೂತು ಉರಿಯುವುದಕ್ಕಿಂತ ಅಲ್ಲಿ ನೀರುದೋಸೆಯಾದರೂ ಸಿಗುತ್ತಿತ್ತು.

ಈಗ ನಿಮಗೆ ಹೇಳುತ್ತೇನೆ, ಕೇಳಿ. ಉಪ್ಪುನೀರಿನ ಮೀನು ಸಾಕಬೇಕೆಂದು ಮನಸ್ಸಾದರೆ, ಗಾಜಿಗೆ ಚೌಕಾಸಿ ಮಾಡಿ, ಲಾರಿಗೆ ಮಾಡಿ, ನೀರಿಗೆ ಮಾಡಬೇಡಿ. ದಡದ ನೀರು ಬೇಡ, ದೋಣಿಯವರಿಗೆ ಎರಡು ಕಾಸು ಹೆಚ್ಚು ಕೊಟ್ಟು ಅಲೆ ದಾಟಿದ ಮೇಲಿನ ನೀರು ತರಿಸಿ. ತೊಟ್ಟಿಯ ನೀರು ಆರಿ ಇಳಿದಾಗ ಮತ್ತೆ ಉಪ್ಪುನೀರು ಸುರಿಯಬಾರದು. ಉಪ್ಪು ಆರಿಹೋಗುವುದಿಲ್ಲ, ನೀರು ಮಾತ್ರ ಆರುತ್ತದೆ. ಗಾಜಿಗೆ ಒಂದು ಗೆರೆ ಎಳೆದು, ಒಂದು ದಿನ ಬಕೆಟ್ಟಿನಲ್ಲಿಟ್ಟ ಸಿಹಿನೀರನ್ನು ಆ ಗೆರೆಯವರೆಗೆ ಹಾಕಿ. ಪೀಣ್ಯದ ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಕರೆಂಟು ಹೋದರೆ ಗಾಬರಿಯಾಗಬೇಡಿ. ಸ್ಕೂಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿಟ್ಟುಕೊಂಡು ಅದರಿಂದ ಸಣ್ಣಗೆ ಬಿಡುತ್ತಿದ್ದರೆ ಮೀನಿಗೆ ಒಂದು ಗಂಟೆ ಸಾಕು. ಮೇಲಿನವರು ಕಲಿಸಿದ್ದು ಇದು. ಮಹಡಿಯಲ್ಲಿ ಇಡುವುದಾದರೆ ಗೋಡೆಗೆ ಒತ್ತಿಸಿ ಇಡಿ, ಮಾಲೀಕರಿಗೆ ನೀವೇ ಮೊದಲು ಹೋಗಿ ಹೇಳಿ. ಬೇರೆಯವರು ಹೇಳುವುದಕ್ಕೆ ಬಿಡಬೇಡಿ. ನೀರಿಗೆ ತಾಗುವ ಕಡೆ ಯಾವ ಲೋಹವೂ ಬೇಡ, ಎಷ್ಟೇ ಹೊಳೆಯಲಿ. ಅಂಗಡಿಯವನು ಸ್ಟೀಲು ಅಂದರೆ ಒಪ್ಪಬೇಡಿ, ನನ್ನಂಥವನು ಅಂದರೂ ಒಪ್ಪಬೇಡಿ. ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ, ಅದು ಹಿತ್ತಾಳೆಯನ್ನೂ ಹಿಡಿಯುವುದಿಲ್ಲ, ಒಳ್ಳೆಯ ಸ್ಟೇನ್‌ಲೆಸ್ಸನ್ನೂ ಹಿಡಿಯುವುದಿಲ್ಲ. ಅರ ತೆಗೆದುಕೊಂಡು ಒಂದು ಅಂಚನ್ನು ಉಜ್ಜಿ. ಒಳಗೆ ಹಳದಿ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ನಿಮ್ಮ ಕೈಯಿಂದಲೇ ಮಾಡಿದ್ದಾದರೂ ಸರಿ, ನೋಡಲು ಮಗಳು ಎದುರಿಗೇ ನಿಂತಿದ್ದರೂ ಸರಿ, ಉಜ್ಜಿ ಅವಳಿಗೇ ತೋರಿಸಿ.